ಮಾಸು

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಹಸು ಕರುಹಾಕಿದ ರಾತ್ರಿ ಮನೆಯ ಹಿರಿಯರು ಬೇಗ ಮಲಗುವುದಿಲ್ಲ; ಕರು ಎದ್ದು ಮೊಲೆಗೆ ಬಾಯಿಟ್ಟ ಮೇಲೂ ಬ್ಯಾಟರಿ ಹಿಡಿದು ಕೊಟ್ಟಿಗೆಯ ಬಾಗಿಲಲ್ಲೇ ಕುಳಿತಿರುತ್ತಾರೆ, ಏಕೆಂದರೆ ಮಾಸು ಬೀಳುವವರೆಗೆ ಅವರ ಲೆಕ್ಕದಲ್ಲಿ ಹೆರಿಗೆ ಮುಗಿದಂತಲ್ಲ. ದನದ ಮಾಸನ್ನು ಇಷ್ಟು ಕಾಯುವ ನಾವು, ಮನುಷ್ಯರ ಮಾಸು ಒಳಗಿದ್ದು ದುಡಿಯುವ ತಿಂಗಳುಗಳನ್ನು ಕುರಿತು ಯೋಚಿಸುವುದು ವಿರಳ.

ಪಠ್ಯಪುಸ್ತಕಗಳು ಜರಾಯುವೆಂದು ಕರೆಯುವ, ತುಂಬಿದ ತಿಂಗಳಲ್ಲಿ ಅರ್ಧ ಕಿಲೋದಷ್ಟು ತೂಗುವ, ಗೇಣಗಲದ ಈ ಅಂಗವು ಬಹುಪಾಲು ಮಗುವಿನ ಕಡೆಯಿಂದಲೇ ಬೆಳೆದದ್ದು. ಗದ್ದೆಯ ನೀರಿನಲ್ಲಿ ನಿಂತ ಭತ್ತದ ಬೇರುಗಳಂತೆ ಅದರ ಸೂಕ್ಷ್ಮ ಕವಲುಗಳು ತಾಯಿಯ ರಕ್ತದಲ್ಲಿ ಮುಳುಗಿರುತ್ತವೆ. ಎರಡು ರಕ್ತಗಳು ಬೆರೆಯುವುದಿಲ್ಲ, ನಡುವಣ ತೆಳುಪೊರೆಯ ಮೂಲಕ ಪ್ರಾಣವಾಯುವೂ ಸಕ್ಕರೆಯೂ ಅತ್ತ ಹೋಗಿ ಕಲ್ಮಷಗಳು ಇತ್ತ ಬರುತ್ತವೆ. ಬಸುರು ನಿಲ್ಲಲು ಬೇಕಾದ ಹಾರ್ಮೋನುಗಳನ್ನೂ ಮಾಸು ತಾನೇ ತಯಾರಿಸುತ್ತದೆ.

ಈ ಪೊರೆಯು ವಿಷವನ್ನು ತಡೆಯುವ ಗೋಡೆಯೆಂಬ ಭ್ರಮೆ ವೈದ್ಯರಲ್ಲೇ ಬಹುಕಾಲವಿತ್ತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಬಸುರಿಯರ ವಾಕರಿಕೆಗೂ ಬಳಕೆಯಾದ ಥಾಲಿಡೊಮೈಡ್ ಮಾತ್ರೆಯನ್ನು 1961ರ ಕೊನೆಯಲ್ಲಿ ಅಲ್ಲಿ ಹಿಂತೆಗೆಯುವಷ್ಟರಲ್ಲಿ, ಸಾವಿರಾರು ಶಿಶುಗಳು ಕೈಕಾಲು ಮೊಟಕಾಗಿ ಹುಟ್ಟುವುದು ತಪ್ಪದಾಗಿತ್ತು. ಹೆಪಾರಿನ್, ಇನ್ಸುಲಿನ್‌ಗಳಂಥ ದೊಡ್ಡ ಅಣುಗಳ ಔಷಧಿಗಳು ಮಾಸನ್ನು ದಾಟುವುದು ಇಲ್ಲವೆನ್ನುವಷ್ಟು ಕಡಿಮೆ; ನಾವು ನಿತ್ಯ ನುಂಗುವ, ಸಣ್ಣ ಅಣುಗಳ ಮಾತ್ರೆಗಳಲ್ಲಿ ಹೆಚ್ಚಿನವು ಸಲೀಸಾಗಿ ದಾಟುತ್ತವೆ.

ಈ ಮಾತ್ರೆಗಳ ಮಾತು ನಮ್ಮ ಸೀಮೆಯ ಜ್ವರಗಳಿಗೂ ಸಂಬಂಧಿಸಿದ್ದು. ಥಾಲಿಡೊಮೈಡ್ ಮಾರಾಟಕ್ಕೆ ಬಂದ ಅದೇ 1957ರಲ್ಲಿ ಸಾಗರಕ್ಕೆ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರಿಂದ ತತ್ತರಿಸಿದ್ದನ್ನು ಈ ಸೀಮೆ ಇನ್ನೂ ಮರೆತಿಲ್ಲ. ಸೊಪ್ಪು, ತರಗೆಲೆ ತರಲು ಹೋದವರಿಗೆ ಉಣುಗು ಕಚ್ಚಿ ಬರುವ ಆ ಜ್ವರವೂ, ಮಳೆಗಾಲದ ಕೆಸರಿನಿಂದ ಬರುವ ಇಲಿಜ್ವರವೂ ಮೊದಮೊದಲು ಬರಿಯ ಮೈಕೈನೋವಿನಂತೆಯೇ ತೋರುವುದರಿಂದ, ಬಸುರಿಯೊಬ್ಬಳು ಅಂಗಡಿಯಿಂದ ನೋವಿನ ಮಾತ್ರೆ ತರಿಸಿ ನುಂಗುವುದು ಸಹಜವಾದರೂ ಅಪಾಯಕರ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ಐದನೆಯ ತಿಂಗಳ ತರುವಾಯ ಶಿಶುವಿನ ಮೂತ್ರಪಿಂಡವನ್ನು ಕುಗ್ಗಿಸಿ ಗರ್ಭಜಲವನ್ನು ಇಳಿಸಬಲ್ಲವು; ಕಡೆಯ ತಿಂಗಳುಗಳಲ್ಲಿ ಶಿಶುವಿನ ಹೃದಯದ ಬಳಿಯ ರಕ್ತನಾಳವೊಂದನ್ನು ಅಕಾಲದಲ್ಲಿ ಮುಚ್ಚಿಸಬಲ್ಲವು; ರಕ್ತಸ್ರಾವದ ಭಯವಿರುವ ಮಂಗನ ಕಾಯಿಲೆಯಲ್ಲಂತೂ ಯಾರಿಗೂ ಸಲ್ಲವು. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಶಿಶುವಿನ ಹಲ್ಲು ಮೂಳೆಗಳಲ್ಲಿ ಸೇರಿಕೊಳ್ಳಬಹುದೆಂಬ ಶಂಕೆಯಿಂದ ಬಸುರಿಯರಿಗೆ ವೈದ್ಯರು ಸಾಮಾನ್ಯವಾಗಿ ಪೆನಿಸಿಲಿನ್ ವರ್ಗದ ಔಷಧಿಯನ್ನೇ ಆರಿಸುತ್ತಾರೆ. ಜ್ವರ ತಗ್ಗಿಸಲು ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್ ಇದ್ದೇ ಇದೆ. ಏರಿದ ಜ್ವರವನ್ನು ಸುಮ್ಮನೆ ಸಹಿಸುವುದೂ ಶಿಶುವಿಗೆ ಹಿತವಲ್ಲ.

ಇದನ್ನು ಓದಿ ಹೆದರಿ, ಥೈರಾಯ್ಡ್ ಮಾತ್ರೆಯನ್ನೋ ಮೂರ್ಛೆರೋಗದ ಔಷಧಿಯನ್ನೋ ತಾವಾಗಿ ನಿಲ್ಲಿಸುವವರು ಹುಟ್ಟಿಕೊಂಡರೆ ನನ್ನ ಬರಹ ಕೆಡುಕನ್ನೇ ಮಾಡಿದಂತಾದೀತು. ಮೂರ್ಛೆರೋಗದ ಕೆಲವು ಔಷಧಿಗಳನ್ನು ಬದಲಿಸಬೇಕಾಗುವುದು ನಿಜ, ಆದರೆ ಬದಲಿಸುವುದು ವೈದ್ಯರ ಕೆಲಸ. ಮಾಸು ಸರಿಯಾಗಿ ಬೇರೂರದ ಬಸುರಿನಲ್ಲಿ ರಕ್ತದೊತ್ತಡ ಏರೀತೆಂದು ಮುಂಗಂಡು ಅವರೇ ಅಲ್ಪ ಪ್ರಮಾಣದ ಆಸ್ಪಿರಿನ್ ಬರೆದುಕೊಡುವುದೂ ಉಂಟು. ಆಗ ಅದನ್ನು ಬಿಡಬಾರದು. ಬಸುರಿಯು ತಾಯಿಕಾರ್ಡಿನೊಡನೆ ತಾನು ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ, ನಾಟಿಮದ್ದಿದ್ದರೆ ಅದನ್ನೂ ಸಂಕೋಚವಿಲ್ಲದೆ ಸೇರಿಸಿ, ಕೊಂಡೊಯ್ದು ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಮಗು ಹುಟ್ಟಿದೊಡನೆ ಆಸ್ಪತ್ರೆಯಲ್ಲಿ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಗರ್ಭಕೋಶ ಬಿಗಿದು ರಕ್ತಸ್ರಾವ ಹತೋಟಿಗೆ ಬರುತ್ತದೆ. ಹೊರಬಂದ ಮಾಸನ್ನು ತಟ್ಟೆಯಲ್ಲಿ ಅಂಗಾತ ಹರಡಿ, ಹೆಪ್ಪುಗಟ್ಟಿದ ನೆತ್ತರ ಬಣ್ಣದ ಅದರ ಹೋಳುಗಳನ್ನು ಒಂದಕ್ಕೊಂದು ಜೋಡಿಸಿ ನೋಡುವ ನರ್ಸಮ್ಮ, ಎಲ್ಲಿಯಾದರೂ ಸಂದಿ ಕಂಡರೆ ಡಾಕ್ಟರನ್ನು ಕೂಗುತ್ತಾಳೆ. ಒಳಗುಳಿದ ಒಂದು ತುಣುಕಿನಿಂದ ಬಾಣಂತಿಗೆ ರಕ್ತ ಹರಿದೇ ಹರಿದೀತು. ಸಂದಿ ಇಲ್ಲದಿದ್ದರೆ, "ಪೂರ್ತಿ ಬಂದಿದೆ ಕಣಮ್ಮ" ಎನ್ನುತ್ತಾಳೆ. ಬಾಗಿಲಾಚೆ ಕಾಯುತ್ತಿದ್ದ ಅಜ್ಜಿ ಆಗ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾಳೆ.