ಸವಣೂರಿನ ಇರುಳ ನೇಸರು

ಸವಣೂರಿನಲ್ಲಿ ಸತ್ಯಬೋಧತೀರ್ಥರ ಬೃಂದಾವನವಿದೆ. 1744ರಿಂದ 1783ರವರೆಗೆ ಉತ್ತರಾದಿಮಠದ ಪೀಠದಲ್ಲಿದ್ದ ಈ ಯತಿಗಳು ನವಾಬರ ಆಳಿಕೆಯ ಈ ಊರಿನಲ್ಲಿಯೇ ಬೃಂದಾವನಸ್ಥರಾದರು. ಅವರ ಚರಮಶ್ಲೋಕವು ಎರಡು ಮಹಿಮೆಗಳನ್ನು ನೆನೆಯುತ್ತದೆ. ವಿಷ ಬೆರೆತ ನೈವೇದ್ಯವನ್ನು ಸ್ವೀಕರಿಸಿದ್ದು ಒಂದು; ರಾತ್ರಿಯಲ್ಲಿ ಸೂರ್ಯನನ್ನು ತೋರಿಸಿದ್ದು ಮತ್ತೊಂದು.

ಈ ಎರಡನೆಯ ಮಾತನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ನಮ್ಮ ಅಜ್ಜಿನೂ ಇದನ್ನೇ ಹೇಳ್ತಾಳ್ರಿ. ನಂಬಬೇಕೇನ್ರಿ, ಸರ್?” ಎಂದು ಕೇಳಿದನು. ನಂಬೆಂದರೆ ಅವನ ಖಗೋಳಪಾಠಕ್ಕೆ ಅಪಚಾರ. ನಂಬಬೇಡವೆಂದರೆ ಅವನ ಅಜ್ಜಿಗೆ ಅಪಚಾರ. ಅಂದು ನಾನು ಸುಮ್ಮನಾದೆ. ಉತ್ತರಕ್ಕೆ ದಾರಿ ದೊರೆತದ್ದು ಚಿತ್ರಕಲೆಯಲ್ಲಿ.

ನಮ್ಮ ಪರಂಪರೆಯು ಸೂರ್ಯನನ್ನು ಬರಿಯ ಬೆಂಕಿಯ ಉಂಡೆಯೆಂದು ಕಂಡುದಿಲ್ಲ. ಸಂಧ್ಯೆಯಲ್ಲಿ ಅರ್ಘ್ಯವೆತ್ತುವವನು ಧ್ಯಾನಿಸುವುದು ಸೂರ್ಯಮಂಡಲದ ನಡುವೆ ನೆಲಸಿದ ನಾರಾಯಣನನ್ನು. ಉತ್ತರದ ಶಿಲ್ಪಿ ಅವನಿಗೆ ಎತ್ತರದ ಪಾದರಕ್ಷೆ ತೊಡಿಸಿದನು. ದಕ್ಷಿಣದವನು ಬರಿಗಾಲಲ್ಲಿ ನಿಲ್ಲಿಸಿದನು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಮುಖಮಂಟಪದಲ್ಲಿ ತಲೆಯೆತ್ತಿದರೆ, ಕಮಲಗಳನ್ನು ಹಿಡಿದು ರಥವೇರಿದ ಸೂರ್ಯನು ಛತ್ತಿನಲ್ಲಿ ಕಾಣುತ್ತಾನೆ. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ 1570ರಲ್ಲಿ ಸಿದ್ಧವಾದ ‘ನುಜೂಮ್ ಅಲ್ ಉಲೂಮ್’ ಎಂಬ ಸಚಿತ್ರ ಜ್ಯೋತಿಷಗ್ರಂಥದಲ್ಲಿಯೂ ಗ್ರಹಗಳು ರೂಪ ತಾಳಿವೆ. ಸೂರ್ಯವಂಶದವರೆಂದು ಹೆಮ್ಮೆಪಟ್ಟ ಮೇವಾಡದ ರಾಣರ ಲಾಂಛನದಲ್ಲಂತೂ ಹೊಂಬಣ್ಣದ ಬಿಂಬಕ್ಕೆ ಮೀಸೆಯೂ ಉಂಟು.

ರಾಜಸ್ಥಾನದ, ಪಹಾಡಿ ನಾಡಿನ ಚಿಕಣಿ ಚಿತ್ರಗಳಲ್ಲಿ ಇರುಳನ್ನು ನೋಡಬೇಕು. ಅಲ್ಲಿ ಚಂದ್ರನಿದ್ದಾನೆ, ದೀಪವಿದೆ. ಆದರೂ ನಾಯಿಕೆಯ ಮೂಗುತಿಯಿಂದ ಮರದ ಎಲೆಯವರೆಗೆ ಎಲ್ಲವೂ ಹಗಲಿನಂತೆ ನಿಚ್ಚಳ. ನೆರಳಿನ ಗೊಡವೆಯಿಲ್ಲ. ಬೆಳಕು ಹೊರಗಿನಿಂದ ಬಿದ್ದುದಲ್ಲ, ವಸ್ತುವಿನೊಳಗಿನದು. ಈ ಚಿತ್ರಗಳು ಕೈಯಲ್ಲಿ ಹಿಡಿದು ನೋಡುವಂಥವು. ದೀಪದ ಮುಂದೆ ಹಾಳೆಯನ್ನು ತುಸು ಓರೆಮಾಡಿದರೆ ಸಾಕು, ಉಜ್ಜಿ ನಯಗೊಳಿಸಿದ ಬಂಗಾರದ ಸೂರ್ಯನು ಥಟ್ಟನೆ ಬೆಳಗುತ್ತಾನೆ, ನಡುರಾತ್ರಿಯಲ್ಲಿಯೂ!

ಶ್ಲೋಕಕಾರನು ಸೂರ್ಯ ‘ಉದಯಿಸಿದನು’ ಎನ್ನಲಿಲ್ಲ; ಗುರುಗಳು ‘ತೋರಿಸಿದರು’ ಎಂದನು. ಈ ಒಂದು ಕ್ರಿಯಾಪದದಲ್ಲಿ ಎಲ್ಲವೂ ಅಡಗಿದೆ. ಇದ್ದುದನ್ನೇ ತೋರಿಸಬಹುದು. ಇರುಳಿನಲ್ಲಿ ಸೂರ್ಯನು ಇಲ್ಲವಾಗುವುದಿಲ್ಲ, ನಮ್ಮ ಕಣ್ಣಿಗೆ ಮರೆಯಾಗುತ್ತಾನೆ; ಖಗೋಳಶಾಸ್ತ್ರ ಹೇಳುವುದೂ ಇದನ್ನೇ ಅಲ್ಲವೇ?

ಆ ವಿದ್ಯಾರ್ಥಿಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟೆ: ಖಗೋಳದ ಪಾಠವನ್ನು ಬಿಡಬೇಡ, ಅಜ್ಜಿಯ ಮಾತನ್ನೂ ಬಿಡಬೇಡ. ಅವಳ ಬಾಯಲ್ಲಿ ‘ತೋರಿಸಿದರು’ ಎಂಬ ಪದ ಬಂದಾಗ ಮಾತ್ರ ಒಂದಿಷ್ಟು ನಿಂತು ಕೇಳು.