ತಡವಾದ ಗಾಡಿಯ ಲೆಕ್ಕ

ಬಾದಾಮಿಯಿಂದ ಬಾಗಲಕೋಟೆಗೆ ದಿನವೂ ಕೆಲಸಕ್ಕೆ ಹೋಗುವವರಿಗೆ ರೈಲೂ ಉಂಟು, ಬಸ್ಸೂ ಉಂಟು. ಹುನಗುಂದ, ಇಳಕಲ್ಲುಗಳಿಗೆ ಹೋಗುವವರಿಗೆ ರಸ್ತೆಯೊಂದೇ ಗತಿ. ರೈಲು ಪದೇ ಪದೇ ತಡವಾಗುವುದೇಕೆ? ಹಾಗಾದಾಗ ನಾವು ಯಾವುದನ್ನು ನಂಬಬೇಕು?

ಗದಗ–ಹೊಟಗಿ ಮಾರ್ಗವನ್ನು 1880ರ ದಶಕದಲ್ಲಿ ಒಂಟಿ ಹಳಿಯಾಗಿ ಹಾಕಿದರು. ಒಂಟಿ ಹಳಿಯ ಮೇಲೆ ಎದುರುಬದುರಾಗಿ ಬರುವ ಗಾಡಿಗಳು ನಿಲ್ದಾಣದಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಬಾದಾಮಿಯ ಕಡೆಯ ಗಾಡಿ 20 ನಿಮಿಷ ತಡವಾಯಿತೆನ್ನೋಣ. ಗುಳೇದಗುಡ್ಡ ರೋಡ್ ನಿಲ್ದಾಣದಲ್ಲಿ ಅದಕ್ಕಾಗಿ ಕಾದು ನಿಂತ ಗಾಡಿಯೂ ತಡವಾಗುತ್ತದೆ. ಅದು ಮುಂದೆ ಮತ್ತೊಂದನ್ನು ಕಾಯಿಸುತ್ತದೆ. ಹೀಗೆ ತಡವು ಅಂಟುಜಾಡ್ಯದಂತೆ ಹಬ್ಬುತ್ತದೆ. ಎರಡನೆಯ ಹಳಿ ಬಿದ್ದೆಡೆ ಈ ಸರಪಳಿ ತುಂಡಾಗುತ್ತದೆ.

ಇನ್ನು ಆಯ್ಕೆಯ ಮಾತು. ರೈಲಿನ ಪಯಣಕ್ಕೆ 40 ನಿಮಿಷ ಹಿಡಿದು, ತಡವು ಸೊನ್ನೆಯಿಂದ 40ರವರೆಗೆ ಎಷ್ಟಾದರೂ ಸಮಾನವಾಗಿ ಸಂಭವಿಸಬಹುದೆಂದು ಊಹಿಸೋಣ. ಬಸ್ಸಿಗೆ 60 ನಿಮಿಷ. ತಡ ಸೊನ್ನೆಯಿಂದ 10ರವರೆಗೆ. ಸರಾಸರಿಯಲ್ಲಿ ರೈಲಿಗೆ 60, ಬಸ್ಸಿಗೆ 65, ರೈಲೇ ಮೇಲು. ಆದರೆ ಕಚೇರಿಯ ಹಾಜರಿಯಾಗಲಿ, ಪರೀಕ್ಷೆಯ ಗಂಟೆಯಾಗಲಿ ಸರಾಸರಿಯನ್ನು ಕೇಳುವುದಿಲ್ಲ. ಒಂದು ದಿನವೂ ತಪ್ಪದಂತೆ ತಲುಪಲು ರೈಲಿಗೆ 80, ಬಸ್ಸಿಗೆ 70 ನಿಮಿಷ ಮೀಸಲಿಡಬೇಕು. ಇಲ್ಲಿ ಬಸ್ಸು ಗೆಲ್ಲುತ್ತದೆ.

ಬಾಗಲಕೋಟೆಯಲ್ಲಿ ರೈಲಿಳಿದು ಇಳಕಲ್ಲಿನ ಬಸ್ಸು ಹಿಡಿಯುವವರ ಪಾಡು ಇನ್ನೂ ಕಠಿನ. ಬಸ್ಸು ಗಂಟೆಗೊಂದಿದ್ದು ಅದು ತಪ್ಪಿದರೆ, 5 ನಿಮಿಷದ ತಡವೇ 60 ನಿಮಿಷವಾಗುತ್ತದೆ.

ಆದುದರಿಂದ ವೇಗದೊಡನೆ ಏರುಪೇರನ್ನೂ ಅಳೆಯಬೇಕು. ವಿದ್ಯಾರ್ಥಿಗಳು ಒಂದು ತಿಂಗಳು ತಾವು ತಲುಪಿದ ಹೊತ್ತನ್ನು ಬರೆದಿಟ್ಟು, ತಮ್ಮ ದಾರಿಯ ಲೆಕ್ಕವನ್ನು ತಾವೇ ಮಾಡಿ ನೋಡಲಿ.