ನಿಮಗಿದು ಗೊತ್ತೇ? ಹಾಲು, ಮೊಟ್ಟೆ ಮುಟ್ಟದ ಓಟ್ಸ್ ತಿಂಡಿ

ಓಟ್ಸ್ ಎಂದರೆ ಡಯೆಟ್ ಮಾಡುವವರ ಗಂಜಿ ಎಂದು ಮೂಗು ಮುರಿಯುವವರು ಅದನ್ನೊಮ್ಮೆ ಓವನ್ನಿಗೆ ಹಾಕಿ ನೋಡಬೇಕು. ಕಳಿತ ಬಾಳೆಹಣ್ಣು, ಸೇಬು, ಬೆಲ್ಲ, ಕಾಯಿಹಾಲು ಬೆರೆಸಿ ಬೇಯಿಸಿದರೆ ಮೇಲೆ ಗರಿಗರಿ, ಒಳಗೆ ಮೆತ್ತಗೆ. ಚೌಕ ಚೌಕವಾಗಿ ಕತ್ತರಿಸಿ ಬೆಳಗಿನ ತಿಂಡಿಗೆ ಕೊಟ್ಟರೆ ಗಂಜಿ ಎಂದವರೇ ಇನ್ನೊಂದು ತುಂಡು ಕೇಳುತ್ತಾರೆ. ಇದೇ ಬೇಕ್ಡ್ ಓಟ್‌ಮೀಲ್. ಹಾಲು, ಬೆಣ್ಣೆ, ಮೊಟ್ಟೆ, ಜೇನು ಯಾವುದೂ ಇಲ್ಲದೆ ಮಾಡಿದರೆ ವೀಗನ್.

ಈ ತಿಂಡಿಗೆ ಹೆಸರಾದದ್ದು ಅಮೆರಿಕದ ಪೆನ್ಸಿಲ್ವೇನಿಯದ ಆಮಿಶ್ ಮನೆಗಳು. ಆಮಿಶರೆಂದರೆ ಇಂದಿಗೂ ಕುದುರೆಗಾಡಿಯಲ್ಲಿ ಓಡಾಡುವ, ಮನೆಗೆ ಊರಿನ ಕರೆಂಟ್ ಲೈನ್ ಎಳೆಸಿಕೊಳ್ಳದ ಕ್ರೈಸ್ತ ಪಂಗಡದವರು. ಅವರ ಪಾಕದಲ್ಲಿ ಮೊಟ್ಟೆ, ಹಾಲು, ಬೆಣ್ಣೆ ಧಾರಾಳ. ಆಮಿಶರ ಹಿರೀಕರು 18ನೇ ಶತಮಾನದಲ್ಲಿ ಯುರೋಪಿನಿಂದ ಬಂದು ನೆಲೆಯೂರಿದ ಆ ಸೀಮೆಯನ್ನು 1681ರಲ್ಲಿ ಸ್ಥಾಪಿಸಿದವನು ಕ್ವೇಕರ್ ಎಂಬ ಇನ್ನೊಂದು ಕ್ರೈಸ್ತ ಪಂಥದ ವಿಲಿಯಂ ಪೆನ್. ಹಾಗಾದರೆ ಓಟ್ಸ್ ಡಬ್ಬಿಯ ಮೇಲೆ ಟೋಪಿ ಹಾಕಿ ನಗುವ ಕ್ವೇಕರ್ ಅಜ್ಜ? ಅವನಿಗೂ ಆ ಪಂಥಕ್ಕೂ ಯಾವ ಸಂಬಂಧವೂ ಇಲ್ಲ. ಒಹಾಯೊ ರಾಜ್ಯದ ಒಂದು ಗಿರಣಿಯವರು 1877ರಲ್ಲಿ ಕ್ವೇಕರ್ ಉಡುಪಿನ ಮನುಷ್ಯನ ಚಿತ್ರವನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡರು. ಕ್ವೇಕರರು ಪ್ರಾಮಾಣಿಕರೆಂಬ ಹೆಸರಿತ್ತು, ಆ ಹೆಸರು ಮಾಲಿಗೂ ಅಂಟಲಿ ಎಂಬುದು ಲೆಕ್ಕಾಚಾರ. ಬೆಳಗಿನ ತಿಂಡಿಯ ಧಾನ್ಯಕ್ಕೆ ಅಮೆರಿಕದಲ್ಲಿ ನೋಂದಣಿಯಾದ ಮೊದಲ ಟ್ರೇಡ್‌ಮಾರ್ಕ್ ಅದು.

ಮನುಷ್ಯ ಬೇಸಾಯ ಕಲಿಯುವ ಮೊದಲೇ ಓಟ್ಸ್ ಹಿಟ್ಟು ಮಾಡಿದ್ದ. ದಕ್ಷಿಣ ಇಟಲಿಯ ಪಾಗ್ಲಿಚ್ಚಿ ಗುಹೆಯಲ್ಲಿ ಸಿಕ್ಕ, ಸುಮಾರು 32,000 ವರ್ಷ ಹಳೆಯ ಅರೆಯುವ ಕಲ್ಲಿನ ಮೇಲೆ ಕಾಡು ಓಟ್ಸ್‌ನ ಪಿಷ್ಟದ ಕಣಗಳು ಅಂಟಿಕೊಂಡಿದ್ದವು. ಅಷ್ಟಾದರೂ ಗೋಧಿ, ಬಾರ್ಲಿಗೆ ಹೋಲಿಸಿದರೆ ಇದು ತಡವಾಗಿ ಬೆಳೆಯಾದ ಧಾನ್ಯ. ಬಹುಕಾಲ ಅವುಗಳ ಹೊಲದಲ್ಲಿ ಕಳೆಯಾಗಿ ಬೆಳೆದು, ತಂಪು ಹೆಚ್ಚಿದ ಉತ್ತರ ಯುರೋಪಿನಲ್ಲಿ ಗೋಧಿ ಸೊರಗಿದ ಕಡೆ ತಾನೇ ಯಜಮಾನನಾಯಿತು.

ಕಾಡು ಓಟ್ಸ್‌ನ ಕಾಳಿಗೊಂದು ಉದ್ದನೆಯ ಮುಳ್ಳುಮೀಸೆ ಇರುತ್ತದೆ. ಒಣಗಿದರೆ ಹುರಿಗೊಳ್ಳುತ್ತದೆ, ತೇವ ತಾಗಿದರೆ ಬಿಚ್ಚಿಕೊಳ್ಳುತ್ತದೆ. ಹೀಗೆ ಹುರಿ ಹಾಕುತ್ತ ಬಿಚ್ಚುತ್ತ ಕಾಳು ತನ್ನಷ್ಟಕ್ಕೆ ತಾನೇ ಮಣ್ಣೊಳಗೆ ಇಳಿಯುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಆ ಮೀಸೆಗೆ ಒಂದು ಪುಟ್ಟ ಮುಳ್ಳು ಕಟ್ಟಿ ಗಾಳಿಯ ತೇವ ಅಳೆಯುವ ಸಾಧನ ಮಾಡಿದ. 1665ರ ತನ್ನ ‘ಮೈಕ್ರೊಗ್ರಾಫಿಯ’ದಲ್ಲಿ ಅದನ್ನು ವಿವರಿಸಿದ್ದಾನೆ. ತಿಂಡಿಗಿಂತ ಈ ಸಾಧನವೇ ನನಗೆ ಹೆಚ್ಚು ರುಚಿಸಿತು, ಇರಲಿ.

1755ರಲ್ಲಿ ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್, ಓಟ್ಸನ್ನು ಇಂಗ್ಲೆಂಡಿನಲ್ಲಿ ಕುದುರೆಗೆ ಹಾಕುತ್ತಾರೆ, ಸ್ಕಾಟ್ಲೆಂಡಿನಲ್ಲಿ ಜನ ತಿನ್ನುತ್ತಾರೆ ಎಂದು ಅರ್ಥ ಬರೆಯುವ ನೆಪದಲ್ಲೇ ಕುಟುಕಿದ. ಭಾರತದಲ್ಲಿ ಬೆಳೆಯುವ ಓಟ್ಸ್ ಈಗಲೂ ಹೆಚ್ಚಾಗಿ ದನಕರುಗಳ ಹಸಿರು ಮೇವು; ಉತ್ತರ ಭಾರತದ ಹಿಂಗಾರು ಬೆಳೆ. ಡಬ್ಬಿಯಲ್ಲಿ ಬರುವ ಕಾಳಿನ ಬಹುಪಾಲು ಆಸ್ಟ್ರೇಲಿಯದಂಥ ದೇಶಗಳಿಂದ ಹಡಗೇರಿ ಬರುತ್ತದೆ.

ಡಬ್ಬಿಯ ಓಟ್ಸ್ ಹಸಿಯಲ್ಲ, ಗೊತ್ತೇ? ಈ ಕಾಳಿನಲ್ಲಿ ಗೋಧಿ, ಅಕ್ಕಿಗಿಂತ ಜಿಡ್ಡು ಹೆಚ್ಚು. ಆ ಜಿಡ್ಡನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಅದರಲ್ಲೇ ಇದೆ. ಸಿಪ್ಪೆ ತೆಗೆದು ಹಾಗೇ ಇಟ್ಟರೆ ಕೆಲವೇ ದಿನಗಳಲ್ಲಿ ಕಮಟು. ಅದಕ್ಕೇ ಗಿರಣಿಯಲ್ಲಿ ಮೊದಲೇ ಹಬೆ ಕೊಟ್ಟು ಕಿಣ್ವದ ಸದ್ದಡಗಿಸುತ್ತಾರೆ. ಆಮೇಲೆ ರೋಲರ್‌ಗಳ ನಡುವೆ ಒತ್ತಿದರೆ ರೋಲ್ಡ್ ಓಟ್ಸ್. ತುಂಡರಿಸಿ ಇನ್ನೂ ತೆಳ್ಳಗೆ ಒತ್ತಿದರೆ ಬೇಗ ಬೇಯುವ ಇನ್‌ಸ್ಟಂಟ್. ಓವನ್ನಿಗೆ ದಪ್ಪ ರೋಲ್ಡ್ ಓಟ್ಸ್ ಬೇಕು. ಇನ್‌ಸ್ಟಂಟ್ ಹಾಕಿದರೆ ಸಿಗುವುದು ಅಂಟು ಮುದ್ದೆ.

ಈಗ ಮೊಟ್ಟೆಯ ವಿಷಯ. ಒಂದು ಮೊಟ್ಟೆಯ ಬದಲು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಗೆ ಮೂರು ಚಮಚ ನೀರು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಸಾಕು. ಬೀಜದ ಸಿಪ್ಪೆಯಲ್ಲಿರುವ ಲೋಳೆ ನೀರು ಹೀರಿ ಉಬ್ಬುತ್ತದೆ. ಚಮಚ ಎತ್ತಿದರೆ ಲೋಳೆ ಎಳೆ ಎಳೆಯಾಗಿ ಹಿಂದೆ ಬರುತ್ತದೆ. ಇದನ್ನು ವಿದೇಶಿ ಅಡುಗೆಯವರ ಹೊಸ ಉಪಾಯ ಎಂದು ಬೆರಗಾಗುವ ಮೊದಲು ಧಾರವಾಡ, ವಿಜಯಪುರದ ಕಡೆಯ ಅಡುಗೆಮನೆಗೆ ಹೋಗಿ ಬನ್ನಿ. ಜೋಳದ ರೊಟ್ಟಿ ತಟ್ಟೆಯಲ್ಲಿ ಬಿದ್ದಾಗ ಪಕ್ಕದಲ್ಲಿ ಅಗಸಿ ಹಿಂಡಿ ಇದ್ದೇ ಇರುತ್ತದೆ. ಹುರಿದ ಅಗಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು. ಓಟ್ಸ್‌ಗೆ ಬೇಕಾದದ್ದು ಮಾತ್ರ ಬರಿಯ ಅಗಸಿ ಪುಡಿ. ಹಿಂಡಿಯ ಡಬ್ಬಿಗೆ ಚಮಚ ಹಾಕಿಬಿಟ್ಟೀರಿ.

ಆದರೆ ಅಗಸೆಗೆ ಮೊಟ್ಟೆಯ ಎಲ್ಲ ವಿದ್ಯೆಯೂ ಬರದು. ಕಾವಿಗೆ ಮೊಟ್ಟೆಯ ಪ್ರೋಟೀನು ಗಟ್ಟಿಯಾಗುತ್ತದೆ, ಕಡೆದರೆ ಗಾಳಿಯನ್ನು ಹಿಡಿದಿಡುತ್ತದೆ. ಅಗಸೆ ಅಂಟಿಸುತ್ತದೆ ಅಷ್ಟೆ. ಹೂವಿನಂಥ ಸ್ಪಾಂಜ್ ಕೇಕಿಗೆ ಅದನ್ನು ನಂಬಿ ಕೂರಬೇಡಿ. ಓಟ್ಸ್‌ಗೆ ಧಾರಾಳ ಸಾಕು, ಏಕೆಂದರೆ ಓಟ್ಸ್‌ನಲ್ಲಿ ಬೀಟಾ ಗ್ಲುಕನ್ ಎಂಬ ಅಂಟಿನ ನಾರು ಮೊದಲೇ ಇದೆ.

ಅಗಸೆಯನ್ನು ಇಡಿಯಾಗಿ ನುಂಗಿದರೆ ಬಹುಪಾಲು ಇಡಿಯಾಗಿಯೇ ಹೊರಹೋಗುತ್ತದೆ, ಪುಡಿ ಮಾಡಲೇಬೇಕು. ಪುಡಿ ಮಾಡಿದ ಮೇಲೆ ಒಮೆಗಾ-3 ಜಿಡ್ಡಿಗೆ ಗಾಳಿ ತಾಗಿ ಬೇಗ ಕೆಡುತ್ತದೆ, ಫ್ರಿಜ್ಜಿನಲ್ಲಿಡಿ. ಗಾಳಿ ತಾಗಿ ಗಟ್ಟಿಯಾಗುವ ಇದೇ ಗುಣದಿಂದಲೇ ಅಗಸೆ ಎಣ್ಣೆ ತೈಲವರ್ಣ ಚಿತ್ರಗಳಲ್ಲಿ ಒಣಗಿ ಪದರವಾಗಿ ನಿಲ್ಲುವುದು. ಕ್ರಿಕೆಟ್ ಬ್ಯಾಟಿಗೆ ಸವರುವುದೂ ಅದೇ ಎಣ್ಣೆಯನ್ನು.

ಅಗಸೆಯ ಜಾಗಕ್ಕೆ ಚಿಯಾ ಹಾಕುವವರೂ ಇದ್ದಾರೆ. ಹುಟ್ಟೂರು ಮೆಕ್ಸಿಕೊ, ತನ್ನ ತೂಕದ ಸುಮಾರು ಹತ್ತು ಪಟ್ಟು ನೀರು ಹೀರುತ್ತದೆ. ಈಗ ಎಚ್.ಡಿ. ಕೋಟೆ ಕಡೆಯ ಹೊಲಗಳಲ್ಲೂ ಬೆಳೆಯುತ್ತಿದೆ. ಬೀಜ ಕೊಟ್ಟು ಬೇಸಾಯ ಕಲಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ.

ಮೊಟ್ಟೆಯಿಲ್ಲದ ಬೇಕಿಂಗ್ ವೀಗನ್ನರಿಂದ ಶುರುವಾದದ್ದಲ್ಲ. ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್‌ನ ಹೆಂಡತಿಗೆ ಮೊಟ್ಟೆ ಒಗ್ಗುತ್ತಿರಲಿಲ್ಲ. ಅವಳಿಗಾಗಿ ಅವನು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ ಮಾಡಿದ. ನಮ್ಮ ಮದುವೆ ಮನೆಯ ಫ್ರೂಟ್ ಸಲಾಡಿಗೆ ಬೀಳುವ ಕಸ್ಟರ್ಡ್ ಪುಡಿ ಅದರ ವಂಶದ್ದೇ. ಅವಳಿಗೆ ಯೀಸ್ಟೂ ಆಗುತ್ತಿರಲಿಲ್ಲ. 1843ರಲ್ಲಿ ಬೇಕಿಂಗ್ ಪೌಡರ್ ಸಿದ್ಧವಾಯಿತು. ಇಂದು ಓಟ್ಸ್ ತಟ್ಟೆಯನ್ನು ಉಬ್ಬಿಸುವುದು ಹೆಂಡತಿಯ ಹೊಟ್ಟೆ ನೋಡಿಕೊಂಡ ಆ ಗಂಡನ ಪುಡಿ.

ಹಾಲು ಬಿಟ್ಟವರ ಚರಿತ್ರೆ ಇನ್ನೂ ಹಳೆಯದು. ಸಿರಿಯದ ಅಂಧಕವಿ ಅಲ್ ಮಅರ್ರಿ 11ನೇ ಶತಮಾನದಲ್ಲೇ ಹಾಲು, ಮೊಟ್ಟೆ, ಜೇನು ಮೂರನ್ನೂ ತ್ಯಜಿಸಿದ್ದ. ಬ್ರಿಟನ್ನಿನ ವೀಗನ್ ಸೊಸೈಟಿ ಹುಟ್ಟಿದ್ದು 1944ರಲ್ಲಿ. ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹಾಲು ಬಿಡುವ ವ್ರತ ಹಿಡಿದರು. ಕಾಯಿಲೆ ಮಲಗಿಸಿದಾಗ ಕಸ್ತೂರಬಾ ಒತ್ತಾಯಕ್ಕೆ ಮಣಿದು ಆಡಿನ ಹಾಲು ಕುಡಿದರು, ಆ ರಾಜಿ ಕೊನೆವರೆಗೂ ಅವರನ್ನು ಚುಚ್ಚಿತು. ಅದೇ ಗಾಂಧೀಜಿ 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗಿದ್ದಾಗ ಇಲ್ಲಿನ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ಹೈನುಗಾರಿಕೆ ಕಲಿತರು!

ಓಟ್ಸ್ ಹಾಲು ಸ್ವೀಡನ್ನಿನದು. ಲುಂಡ್ ವಿಶ್ವವಿದ್ಯಾಲಯದ ರಿಕಾರ್ಡ್ ಓಸ್ಟೆ 1990ರ ದಶಕದಲ್ಲಿ ಕಿಣ್ವ ಬಳಸಿ ಓಟ್ಸ್‌ನ ಪಿಷ್ಟವನ್ನು ಮಾಲ್ಟೋಸ್ ಸಕ್ಕರೆಯಾಗಿ ಒಡೆದರು. ಅದಕ್ಕೇ ಸಕ್ಕರೆ ಹಾಕದಿದ್ದರೂ ಅಂಗಡಿಯ ಓಟ್ಸ್ ಹಾಲು ಸಿಹಿ. ಮನೆಯಲ್ಲಿ ಮಿಕ್ಸಿಗೆ ಹಾಕಿ ಸೋಸಿದ್ದು ಒಲೆಯ ಮೇಲಿಟ್ಟ ಕೂಡಲೇ ಲೋಳೆಲೋಳೆ. ಅಲ್ಲಿ ಪಿಷ್ಟ ಒಡೆದಿಲ್ಲ. ನನ್ನ ಮತ ಕೇಳಿದರೆ, ಆ ದುಬಾರಿ ಡಬ್ಬಿ ಬೇಕಿಲ್ಲ. ಒಂದು ಹೋಳು ತೆಂಗಿನಕಾಯಿ ತುರಿದು ಹಿಂಡಿ.

ಪ್ಯಾಕೆಟ್ಟಿನ ಮೇಲಿನ ಹಸಿರು ಚುಕ್ಕಿ ನೋಡಿ ವೀಗನ್ ಎಂದುಕೊಳ್ಳಬೇಡಿ. ಹಾಲಿನ ಪುಡಿ, ಜೇನು ಇದ್ದರೂ ಹಸಿರು ಚುಕ್ಕಿಯೇ. ವೀಗನ್ ಆಹಾರಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2022ರಲ್ಲಿ ಪ್ರತ್ಯೇಕ ನಿಯಮ ತಂದಿದೆ: ಹಸಿರು ‘ವಿ’ ಅಕ್ಷರ, ಅದರ ಮೇಲೊಂದು ಎಲೆ.

ಬೆಲ್ಲದಲ್ಲಿ ಬೆಂಡೆ ಗಿಡವಿದೆ ಎಂದರೆ ನಂಬುತ್ತೀರಾ? ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಜಜ್ಜಿದ ಬೆಂಡೆ ಗಿಡದ ಲೋಳೆ ಹಾಕುವ ಪದ್ಧತಿ ಹಳೆಯದು. ಕಸವೆಲ್ಲ ಆ ಲೋಳೆಗೆ ಅಂಟಿ ನೊರೆಯಾಗಿ ಮೇಲೆ ಬರುತ್ತದೆ, ಜಾಲರಿಯಿಂದ ತೆಗೆದು ಚೆಲ್ಲುತ್ತಾರೆ. ಈಗ ಬಹಳ ಕಡೆ ಆ ಕೆಲಸಕ್ಕೆ ರಾಸಾಯನಿಕ ಬಂದಿದೆ. ಬೆಲ್ಲ ಬೆಳ್ಳಗಿದ್ದಷ್ಟೂ ಅನುಮಾನ ಪಡಿ. ಓಟ್ಸ್‌ಗೆ ಕಪ್ಪು ಬೆಲ್ಲವೇ ಚೆನ್ನ.

ಎಳೆಯ ಬಾಳೆಕಾಯಿಯ ತಿರುಳಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಪಿಷ್ಟ. ಪೂರ್ತಿ ಕಳಿತಾಗ ಉಳಿಯುವುದು ಒಂದೆರಡು ಭಾಗ, ಮಿಕ್ಕದ್ದೆಲ್ಲ ಸಕ್ಕರೆ. ಸಿಪ್ಪೆ ಚುಕ್ಕಿ ಚುಕ್ಕಿಯಾಗಿ ಕಪ್ಪಾದ ಪಚ್ಚಬಾಳೆ ಇದ್ದರೆ ಬೆಲ್ಲ ಅರ್ಧಕ್ಕಿಳಿಸಬಹುದು. ನಂಜನಗೂಡು ರಸಬಾಳೆಯನ್ನು ಮಾತ್ರ ಓವನ್ನಿಗೆ ಹಾಕಬೇಡಿ. ಅದರ ಘಮ ಹಾಗೇ ತಿನ್ನಲಿಕ್ಕಿರುವುದು.

ಪಾಕ ಕೇಳುವವರಿಗೆ: ಎರಡು ಕಪ್ ರೋಲ್ಡ್ ಓಟ್ಸ್, ಒಂದು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಚಕ್ಕೆ ಪುಡಿ, ಚಿಟಿಕೆ ಉಪ್ಪು ಒಟ್ಟಿಗೆ ಕಲೆಸಿ. ಇನ್ನೊಂದು ಪಾತ್ರೆಯಲ್ಲಿ ಎರಡು ಪಚ್ಚಬಾಳೆಹಣ್ಣು ಕಿವುಚಿ (ಏಲಕ್ಕಿ ಬಾಳೆಯಾದರೆ ನಾಲ್ಕೈದು), ಎರಡು ದೊಡ್ಡ ಚಮಚ ಅಗಸೆ ಪುಡಿಯ ಲೋಳೆ, ಒಂದು ಮುಕ್ಕಾಲು ಕಪ್ ತೆಳು ಕಾಯಿಹಾಲು, ಕಾಲು ಕಪ್ ಕರಗಿಸಿ ಸೋಸಿದ ಬೆಲ್ಲ, ಎರಡು ಚಮಚ ಎಣ್ಣೆ. ಎರಡನ್ನೂ ಸೇರಿಸಿ, ಹೆಚ್ಚಿದ ಸೇಬು ಬೆರೆಸಿ, ಎಣ್ಣೆ ಸವರಿದ ತಟ್ಟೆಗೆ ಸುರಿದು 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ. ಹಿಟ್ಟು ನೀರಾಯಿತೆಂದು ಗಾಬರಿಯಾಗಿ ಇನ್ನಷ್ಟು ಓಟ್ಸ್ ಸುರಿಯಬೇಡಿ, ಅದು ಹೀರಿಕೊಳ್ಳುತ್ತದೆ.

ಓವನ್ ಇಲ್ಲವೇ? ಕುಕ್ಕರಿನ ಗ್ಯಾಸ್ಕೆಟ್, ವೆಯ್ಟ್ ತೆಗೆದು, ತಳಕ್ಕೆ ಪುಡಿ ಉಪ್ಪು ಹರಡಿ, ಸ್ಟ್ಯಾಂಡಿನ ಮೇಲೆ ತಟ್ಟೆ ಇಡಿ. ಸಣ್ಣ ಉರಿ. ಬೇಯುತ್ತದೆ, ಆದರೆ ಮೇಲಿನ ಗರಿ ಅಷ್ಟು ಬರುವುದಿಲ್ಲ. ಕಾರಣ ಇದೆ: ನೀರಿನಂಶ ಇರುವಷ್ಟು ಹೊತ್ತು ಒಳಗಿನ ಬಿಸಿ 100 ಡಿಗ್ರಿ ದಾಟದು, ಮೇಲ್ಮೈ ಒಣಗಿ 140ರ ಆಸುಪಾಸು ಏರಿದರಷ್ಟೇ ಸಕ್ಕರೆಯೂ ಪ್ರೋಟೀನೂ ಕೂಡಿ ಕೆಂಪು ಬಣ್ಣ, ಘಮ ಕೊಡುತ್ತವೆ. ಹೊರಗೆ ತೆಗೆದ ತಕ್ಷಣ ಕತ್ತರಿಸಿದರೆ ತುಂಡು ಕುಸಿಯುತ್ತದೆ. ಕಾಲು ಗಂಟೆ ಬಿಡಿ, ಆರುತ್ತ ಬಂದಂತೆ ಅಂಟು ಬಿಗಿಯುತ್ತದೆ.

ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಓಟ್ಸ್ ಡಬ್ಬಿಯ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಒಪ್ಪಿಗೆ ಕೊಟ್ಟಿತು. ಲೆಕ್ಕ ದಿನಕ್ಕೆ 3 ಗ್ರಾಂ ಬೀಟಾ ಗ್ಲುಕನ್. ಅಂದರೆ ಸುಮಾರು 75 ಗ್ರಾಂ ಒಣ ಓಟ್ಸ್. ಬಿಸ್ಕತ್ತಿನ ಮೇಲೆ ಉದುರಿಸಿದ ನಾಲ್ಕು ಕಾಳಿಗೆ ಆ ಮಾತು ಅನ್ವಯಿಸದು. ಬಿ12 ವಿಟಮಿನ್ ಈ ತಟ್ಟೆಯಲ್ಲಿ ಒಂದಿಷ್ಟೂ ಇಲ್ಲ. ಕಬ್ಬಿಣವಿದೆ, ಆದರೆ ಪಕ್ಕದಲ್ಲಿ ಕಾಫಿ, ಟೀ ಕುಡಿದರೆ ಮೈಗೆ ಹತ್ತುವುದು ಕಡಿಮೆ. ಸಿ ವಿಟಮಿನ್ ಇದ್ದರೆ ಹೆಚ್ಚು. ಕಿತ್ತಳೆಯ ಸುಮಾರು ನಾಲ್ಕು ಪಟ್ಟು ಸಿ ಸೀಬೆಹಣ್ಣಿನಲ್ಲಿದೆ. ಅದನ್ನು ಬೇಯಿಸಬೇಡಿ, ಹೆಚ್ಚಿ ಮೇಲೆ ಹಾಕಿಕೊಳ್ಳಿ.

ಬೇಯಿಸುವ ತಾಳ್ಮೆಯೇ ಇಲ್ಲದವರಿಗೆ ಸ್ವಿಟ್ಜರ್ಲೆಂಡಿನ ವೈದ್ಯ ಬಿರ್ಶರ್ ಬೆನ್ನರ್ 1900ರ ಸುಮಾರಿಗೆ ರಾತ್ರಿ ನೆನೆಸಿದ ಓಟ್ಸ್ ಕೊಟ್ಟ. ಅವನ ಮೂಸ್ಲಿಯಲ್ಲಿ ಓಟ್ಸ್ ಒಂದೇ ಚಮಚ, ಹೆಚ್ಚಿನ ಪಾಲು ತುರಿದ ಸೇಬು. ಅತ್ತ ಸ್ಕಾಟ್ಲೆಂಡಿನ ಕಾರ್‌ಬ್ರಿಜ್ ಹಳ್ಳಿಯಲ್ಲಿ 1994ರಿಂದ ಓಟ್ಸ್ ಗಂಜಿಯ ವಿಶ್ವ ಚಾಂಪಿಯನ್‌ಷಿಪ್ಪೇ ನಡೆಯುತ್ತಿದೆ. ಸಾಂಪ್ರದಾಯಿಕ ವಿಭಾಗದಲ್ಲಿ ಓಟ್ಸ್, ನೀರು, ಉಪ್ಪು ಬಿಟ್ಟು ಇನ್ನೇನೂ ಹಾಕುವಂತಿಲ್ಲ. ಗೆದ್ದವರಿಗೆ ಚಿನ್ನದ ಬಣ್ಣದ ಸ್ಪರ್ಟಲ್, ಅಂದರೆ ನಮ್ಮ ಮುದ್ದೆ ಕೋಲಿನ ತಮ್ಮನಂಥ ಗಂಜಿ ತಿರುವುವ ಕಡ್ಡಿ.

ಮತ್ತೆ ನಮ್ಮ ಓವನ್ನಿಗೆ ಬರೋಣ. ಸೇಬಿನ ಬದಲು ನೇರಳೆ, ಬ್ಲೂಬೆರ್ರಿ ಹಾಕಿದಾಗ ಹಣ್ಣಿನ ಸುತ್ತ ಹಸಿರು ಛಾಯೆ ಬಂದರೆ ಬೇಕಿಂಗ್ ಪೌಡರಿನ ಅಡುಗೆ ಸೋಡ ಹೆಚ್ಚಾಯಿತೆಂದು ಅರ್ಥ. ಆ ಹಣ್ಣುಗಳ ಬಣ್ಣ ಹುಳಿಗೆ ಕೆಂಪಾಗುತ್ತದೆ, ಕ್ಷಾರಕ್ಕೆ ನೀಲಿ-ಹಸಿರಾಗುತ್ತದೆ. ನಾಲ್ಕು ಹನಿ ನಿಂಬೆರಸ ಮೊದಲೇ ಹಿಂಡಿದರೆ ಮುಗಿಯಿತು. ಸೂರ್ಯಕಾಂತಿ ಬೀಜದ ಆಟ ಇನ್ನೂ ಮಜಾ. ಬೇಯಿಸಿದಾಗ ಎಲ್ಲ ಸರಿಯಿದ್ದದ್ದು ಮಾರನೇ ಬೆಳಿಗ್ಗೆ ಫ್ರಿಜ್ಜಿನಿಂದ ತೆಗೆದರೆ ಬೀಜದ ಸುತ್ತ ಪಾಚಿಯಂಥ ಹಸಿರು! ಬೀಜದ ಕ್ಲೋರೊಜೆನಿಕ್ ಆಮ್ಲಕ್ಕೆ ಸೋಡದ ಕ್ಷಾರ ತಾಗಿ ಹಾಗಾಗುವುದು. ಬೂಷ್ಟು ಬಂತೆಂದು ಇಡೀ ತಟ್ಟೆಯನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಮೂಸಿ ನೋಡಿ. ವಾಸನೆ ಸರಿಯಿದ್ದು, ಬಣ್ಣ ಬೀಜದ ಸುತ್ತ ಮಾತ್ರ ಇದ್ದರೆ ಬಿಸಿ ಮಾಡಿ ತಿನ್ನಿ.